ಪೋರಗ ದಮ್ ಅದಾ?

ಔರಾದ, ಭಾಲ್ಕಿ ಕಡೆ ಜಾತ್ರೆ ಕುಸ್ತಿಗೆ ಹೊಸ ಪೋರನೊಬ್ಬ ಲಂಗೋಟಿ ಬಿಗಿದು ಇಳಿದರೆ ಸಾಕು, ಸುತ್ತ ಕೂತವರೆಲ್ಲ ವಸ್ತಾದರೇ. "ಢಾಕ್ ಪಟ್ಟು ಚಂದ ಹೊಡೀತಾನ, ಕೊಲ್ಹಾಪುರದ ತಾಲೀಮಿಗಿ ಕಳಸ್ರಿ" ಅಂತ ಒಬ್ಬ ಕಾಕಾ. ಇನ್ನೊಬ್ಬರು ಬೆಳ್ಳಿ ಕಡಗ ಈಗಲೇ ತೊಡಿಸಿಬಿಟ್ಟಿರುತ್ತಾರೆ!

ನನ್ನ ಕಣ್ಣು ಮಾತ್ರ ಪೋರನ ಕಾಲ ಮೇಲೆ. ಮಣ್ಣಿನಲ್ಲಿ ಚಿತ್ ಮಾಡಿದರೆ ಗೆದ್ದಂತೆ. ಮ್ಯಾಟ್ ಲೆಕ್ಕ ಬೇರೆ: 3 ನಿಮಿಷದ ಎರಡು ಸುತ್ತು, ನಡುವೆ 30 ಸೆಕೆಂಡು ಉಸಿರು. ಫ್ರೀಸ್ಟೈಲಿನಲ್ಲಿ 10 ಅಂಕ ಹಿಂದೆ ಬಿದ್ದರೆ ಬೆನ್ನು ನೆಲ ಮುಟ್ಟದಿದ್ದರೂ ಸೋಲೇ. ಎದುರಾಳಿ ಕಾಲಿಗೆ ಕೈ ಹಾಕಿದರೂ ಈ ಪೋರ ಇನ್ನೂ ಕಂಬದ ಹಾಗೆ ನೆಟ್ಟಗೆ ನಿಂತು ಅಂಕ ಬಿಟ್ಟುಕೊಡುತ್ತಾನೆ. ಬೀದರಿನಲ್ಲಿ ಒಂದು ವರ್ಷ ಮ್ಯಾಟ್ ಮೇಲೆ ಆಡಿಸಿ ನೋಡದೆ 'ದೊಡ್ಡ ಪೈಲ್ವಾನ' ಅನ್ನಲು ನಾನಂತೂ ತಯಾರಿಲ್ಲ, ಕಾಕಾ ಸಿಟ್ಟಾದರೂ ಸರಿ.