ಫಾದರ್, ಊಟ ಆಯ್ತಾ?

ನನ್ನ ಇಂಜಿನಿಯರಿಂಗ್ ಗೆಳೆಯನೊಬ್ಬನ ಅಣ್ಣ ಕ್ಯಾಥೊಲಿಕ್ ಪಾದ್ರಿ. ಮಲೆನಾಡಿನ ಒಂದು ಸಣ್ಣ ಚರ್ಚಿನಲ್ಲಿದ್ದಾರೆ. "ಭಾನುವಾರ ಬೆಳಿಗ್ಗೆ ಮುನ್ನೂರು ಜನ ಮಾತಾಡಿಸ್ತಾರೆ, ರಾತ್ರಿ ಊಟಕ್ಕೆ ನಾನೊಬ್ನೇ" ಅಂತ ಒಮ್ಮೆ ಹೇಳಿದ್ರು. ನಗ್ತಾನೇ ಹೇಳಿದ್ರು, ಆದ್ರೆ ನಂಗೆ ನಗು ಬರ್ಲಿಲ್ಲ.

ನಾನೂ ಬೆಂಗಳೂರಲ್ಲಿ ಒಂಟಿಯಾಗೇ ಇರೋದು. ಆದ್ರೆ ತಲೆ ಕೆಟ್ರೆ ಮ್ಯಾನೇಜರನ್ನ ಬೈಕೊಂಡು ಟೀ ಕುಡಿಯೋಕೆ ನಾಲ್ಕು ಜನ ಇದಾರೆ. ಫಾದರ್‌ಗೆ ಯಾರಿದಾರೆ?

ಪಾದ್ರಿಗಳಲ್ಲಿ ಎರಡು ಥರ. ಜೆಸ್ವಿಟ್, ಕಪುಚಿನ್ ಥರದವರು ಸಾಮಾನ್ಯವಾಗಿ ತಮ್ಮ ಸಂಘದ ಮನೆಗಳಲ್ಲಿ ಒಟ್ಟಿಗೆ ಇರ್ತಾರೆ. ಬಿಷಪ್ಪರ ಕೈಕೆಳಗಿನ ಧರ್ಮಪ್ರಾಂತ್ಯದ ಪಾದ್ರಿಗಳು ಹಾಗಲ್ಲ. ಸೆಮಿನರಿಯಲ್ಲಿ ವರ್ಷಗಟ್ಟಲೆ ಗೆಳೆಯರ ಜೊತೆ ಉಂಡು, ಆಡಿ, ಓದಿದವರು ಆಮೇಲೆ ಎಷ್ಟೋ ಸಲ ದೊಡ್ಡ ಬಂಗಲೆಯಲ್ಲಿ ಒಬ್ಬರೇ. ಊರು ಹೊಂದಿಕೊಳ್ಳೋ ಹೊತ್ತಿಗೆ ವರ್ಗಾವಣೆ! ಊರವರ ನೋವನ್ನೆಲ್ಲ ಕೇಳ್ತಾರೆ, ಆದ್ರೆ ಪಾಪನಿವೇದನೆಯಲ್ಲಿ ಕೇಳಿದ್ದನ್ನ ಸಾಯೋವರೆಗೂ ಯಾರಿಗೂ ಹೇಳೋ ಹಾಗಿಲ್ಲ.

ಇದು ಚರ್ಚಿಗೆ ಗೊತ್ತಿಲ್ಲದ ವಿಷಯ ಏನಲ್ಲ. 1965ರಲ್ಲೇ ಎರಡನೇ ವ್ಯಾಟಿಕನ್ ಮಹಾಸಭೆ ಪಾದ್ರಿಗಳು ಆದಷ್ಟು ಒಟ್ಟಿಗೆ ಬಾಳಲಿ, ಒಟ್ಟಿಗೆ ಉಣ್ಣಲಿ, ಆಗಾಗ ಸೇರಲಿ ಅಂತ ಹೇಳಿತ್ತು. 1983ರ ಚರ್ಚ್ ಕಾನೂನಿನ 280ನೇ ನಿಯಮವೂ ಅದನ್ನೇ ಹೇಳುತ್ತೆ. 533ನೇ ನಿಯಮದಲ್ಲಿ ಧರ್ಮಕೇಂದ್ರದ ಪಾದ್ರಿಗೆ ವರ್ಷಕ್ಕೆ ಒಂದು ತಿಂಗಳವರೆಗೆ ರಜೆಗೂ ಅವಕಾಶ ಇದೆ.

ಧರ್ಮಕೇಂದ್ರದ ಪಾದ್ರಿಗಳ ಪಾಲಕ ಸಂತ ಜಾನ್ ಮರಿಯ ವಿಯಾನ್ನಿ. 1818ರಲ್ಲಿ ಫ್ರಾನ್ಸಿನ ಆರ್ಸ್ ಅನ್ನೋ ಹಳ್ಳಿಗೆ ಬಂದವರು 1859ರಲ್ಲಿ ಸಾಯೋವರೆಗೂ ಅಲ್ಲೇ ಇದ್ದರು. ದೂರದೂರದಿಂದ ಜನ ಬಂದು ಪಾಪನಿವೇದನೆಗೆ ಕ್ಯೂ ನಿಲ್ತಿದ್ರು. ಅಂಥವರೇ ಈ ಹೊಣೆಗೆ ನಾನು ಯೋಗ್ಯನಲ್ಲ ಅಂತ ಒಂದಕ್ಕಿಂತ ಹೆಚ್ಚು ಸಲ ಊರು ಬಿಟ್ಟು ಓಡಿಹೋಗೋಕೆ ನೋಡಿದ್ರು! ಸುತ್ತ ಜನ ಇದ್ದ ಮಾತ್ರಕ್ಕೆ ಭಾರ ಹಂಚಿಕೊಳ್ಳೋರು ಇದಾರೆ ಅಂತಲ್ಲ ಅಲ್ವಾ?

ಹಾಗಾದ್ರೆ ನಾವೇನು ಮಾಡಬಹುದು? ದೊಡ್ಡ ಯೋಜನೆ ಏನೂ ಬೇಡ. ಮದುವೆ, ತಿಥಿ, ಸರ್ಟಿಫಿಕೇಟು ಯಾವ ಕಾರಣವೂ ಇಲ್ದೆ ಊಟಕ್ಕೆ ಕರೀರಿ. ಪ್ರವಚನದ ಬದಲು ಕ್ರಿಕೆಟ್ ಮಾತಾಡಿ, ಅವರ ಅಮ್ಮ ಹೇಗಿದಾರೆ ಅಂತ ಕೇಳಿ. ವಾರಕ್ಕೊಂದು ದಿನ ತುರ್ತು ಇಲ್ದಿದ್ರೆ ಅವರನ್ನ ಬಿಟ್ಟುಬಿಡಿ. ಪಕ್ಕದೂರಿನ ಪಾದ್ರಿಗಳ ಜೊತೆ ಕೂತು ಹರಟಲಿ. ಅವರು ಯಾರ ಮನೆಗೆ ಹೋದ್ರು, ಯಾವ ಸಿನಿಮಾ ನೋಡಿದ್ರು ಅಂತ ಗಾಸಿಪ್ ಮಾಡಬೇಡಿ. ಆ ಗಾಸಿಪ್ಪಿಗೆ ಹೆದರಿಯೇ ಬಾಗಿಲು ಹಾಕ್ಕೊಂಡು ಕೂರೋರಿದಾರೆ.

ನಿದ್ದೆ ಬರ್ತಿಲ್ಲ, ಕುಡಿತ ಜಾಸ್ತಿ ಆಗಿದೆ, ಯಾವುದರಲ್ಲೂ ಆಸಕ್ತಿ ಇಲ್ಲ ಅಂತ ಕಂಡ್ರೆ "ಪ್ರಾರ್ಥನೆ ಮಾಡಿ ಫಾದರ್" ಅಂತ ಅವರಿಗೇ ಉಪದೇಶ ಮಾಡ್ಬೇಡಿ. ಪ್ರಾರ್ಥನೆ ಅವರಿಗೆ ಗೊತ್ತು. ಅವರು ನಂಬೋ ಗೆಳೆಯರಿಗೆ ತಿಳಿಸಿ, ಡಾಕ್ಟರ್ ಹತ್ರ ಹೋಗೋಕೆ ಜೊತೆ ಕೊಡಿ. ಖಿನ್ನತೆ ಕಾಯಿಲೆ, ಭಕ್ತಿ ಕಡಿಮೆ ಆಗಿದ್ದಲ್ಲ.

ಮದುವೆ ಬೇಡ ಅಂತ ವ್ರತ ತೊಟ್ಟವರು ಗೆಳೆತನವೂ ಬೇಡ ಅಂತ ಹೇಳಿಲ್ಲ. ನಿಮ್ಮೂರಲ್ಲೂ ಒಬ್ಬ ಫಾದರ್ ಇದ್ರೆ, ಈ ಭಾನುವಾರ ಸಂಜೆ ಒಂದು ಫೋನ್ ಮಾಡ್ತೀರಾ?