ಕೊಡಚಾದ್ರಿಯ ಅರ್ಧ ದಾರಿ

ಬೆಂಗಳೂರಿನ ದಂಡು ಪ್ರದೇಶದವರಿಗೆ ಜೀಪು ಅಪರಿಚಿತ ವಾಹನವಲ್ಲ. 1809ರಲ್ಲಿ ಬ್ರಿಟಿಷರ ಸೇನೆ ಶ್ರೀರಂಗಪಟ್ಟಣದಿಂದ ಬಂದು ಇಲ್ಲಿ ನೆಲೆಯೂರಿದಂದಿನಿಂದ ಹಲಸೂರಿನ ಆಸುಪಾಸಿನ ಬದುಕು ಸೇನೆಯೊಡನೆ ಬೆಸೆದುಕೊಂಡಿದೆ. ಮದ್ರಾಸ್ ಸ್ಯಾಪರ್ಸ್ ಎಂದು ಹೆಸರಾದ ಎಂಜಿನಿಯರುಗಳ ದಳ ಹಲಸೂರು ಕೆರೆಯ ಸಮೀಪದಲ್ಲಿದೆ. ಬೆಟ್ಟವನ್ನು ಕಡಿದು ದಾರಿ ಮಾಡುವುದು, ಹೊಳೆಗೆ ಸೇತುವೆ ಹಾಕುವುದು ಆ ದಳದವರ ಕಾಯಕ. ಸೇನೆಯ ವಾಹನಗಳನ್ನು ದುರಸ್ತಿ ಮಾಡುವ ಕೆಲಸದಲ್ಲಿ ಜೀವಮಾನ ಕಳೆದ ನಮ್ಮ ಭಾವನವರು ನಿವೃತ್ತರಾದ ಮೇಲೆ ಹಳೆಯ ಜೀಪೊಂದನ್ನು ಕೊಂಡು, ಶಿವಾಜಿನಗರದ ಗುಜರಿ ಅಂಗಡಿಗಳಿಂದ ಬಿಡಿಭಾಗಗಳನ್ನು ಹುಡುಕಿ ತಂದು, ಇಂದಿರಾನಗರದ ತಮ್ಮ ಮನೆಯಂಗಳದಲ್ಲಿ ಅದಕ್ಕೆ ಮರುಜೀವ ಕೊಟ್ಟಿದ್ದರು. ನನ್ನ ಮಗ ಭಾನುವಾರಗಳಲ್ಲಿ ಕೆ.ಆರ್. ಪುರದಾಚೆಯ ಮಣ್ಣುಹಾದಿಗಳಲ್ಲಿ ಮಾವನಿಂದ ಅದನ್ನು ನಡೆಸುವುದನ್ನು ಕಲಿತ. ಕಲಿತವನಿಗೆ ದೊಡ್ಡ ಬೆಟ್ಟವನ್ನೇ ಹತ್ತಬೇಕೆಂಬ ಆಸೆ ಹುಟ್ಟಿತು.

ಹೀಗೆ ನಾವು ಮೂವರು ಕೊಡಚಾದ್ರಿಗೆ ಹೊರಟೆವು. ಕಾಲೇಜಿನ ಪರೀಕ್ಷೆ, ನೆಂಟರ ಮದುವೆ ಎಂದು ದಿನ ಮುಂದೂಡುತ್ತಾ ಹೋಗಿ, ಹೊರಡುವ ವೇಳೆಗೆ ಮೇ ತಿಂಗಳ ಕೊನೆಯ ವಾರ ಬಂದಿತ್ತು. ತುಮಕೂರು, ತಿಪಟೂರು, ಅರಸೀಕೆರೆ, ಕಡೂರು ದಾಟಿ ಶಿವಮೊಗ್ಗಕ್ಕೆ ಸುಮಾರು 300 ಕಿಲೋಮೀಟರ್. ಅಲ್ಲಿಂದ ಹೊಸನಗರದ ಮೇಲೆ ನಗರ ಎಂಬ ಊರಿಗೆ ಸೇರುವಾಗ ಸಂಜೆಯಾಗಿತ್ತು. ನನ್ನ ಸೋದರತ್ತೆಯ ಮನೆ ಅಲ್ಲಿಯೇ. ಮಜ್ಜಿಗೆ ಕೊಟ್ಟು ಕುಶಲ ವಿಚಾರಿಸಿದ ಎಂಬತ್ತರ ಆ ಹಿರಿಯ ಜೀವ ನಮ್ಮ ಉದ್ದೇಶ ಕೇಳಿ ಸುಮ್ಮನಾದರು. ಬಳಿಕ, “ರೋಹಿಣಿ ಮಳೆ ಕೂಡಿದ ಮೇಲೆ ಗುಡ್ಡದ ದಾರಿ ನಂಬಬಾರದು, ಮಗಾ” ಎಂದಷ್ಟೇ ನುಡಿದರು. ಆಕಾಶ ಆಗ ತಿಳಿಯಾಗಿತ್ತು. ಅತ್ತೆಯ ಮಾತು ನಮಗೆ ನಾಟಲಿಲ್ಲ.

ಕೊಡಚಾದ್ರಿಯ ಎತ್ತರ 1343 ಮೀಟರ್. ಕೊಲ್ಲೂರಿನಿಂದ ಜೀಪಿನಲ್ಲಿ ಹೋಗುವವರಿಗೆ ಸುತ್ತು ದಾರಿ ಸುಮಾರು 40 ಕಿಲೋಮೀಟರ್ ಆಗುತ್ತದೆ. ಅದರಲ್ಲಿ ಕೊನೆಯ ಭಾಗ ಮಾತ್ರ ನಿಜವಾದ ಪರೀಕ್ಷೆ. ಕಲ್ಲು, ಕೊರಕಲು, ಕೆಮ್ಮಣ್ಣಿನ ಕಡಿದಾದ ತಿರುವುಗಳು. ಮೇಲೆ ಮೂಲ ಮೂಕಾಂಬಿಕೆಯ ಗುಡಿಯಿದೆ. ಅಲ್ಲಿಂದ ಕಾಲ್ನಡೆಯಲ್ಲಿ ಏರಿದರೆ ಸರ್ವಜ್ಞ ಪೀಠವೆಂಬ ಪುಟ್ಟ ಕಲ್ಲುಮಂಟಪ ಸಿಗುತ್ತದೆ. ತಿಳಿ ದಿನಗಳಲ್ಲಿ ಪಡುವಣ ಕಡಲು ಕಾಣುತ್ತದೆ.

ನಿಟ್ಟೂರಿನಲ್ಲಿ ವಿಚಾರಿಸಿದಾಗ, ದಾರಿ ಬಲ್ಲ ಸ್ಥಳೀಯ ಚಾಲಕನಿಲ್ಲದೆ ಹೋಗಬೇಡಿರೆಂದು ಎಲ್ಲರೂ ಹೇಳಿದರು. ಮಗನ ಮುಖ ಸಪ್ಪಗಾಯಿತು. ಭಾವನವರು ಅವನ ಹೆಗಲ ಮೇಲೆ ಕೈಯಿಟ್ಟು, “ಯಂತ್ರ ನಿನಗೆ ಗೊತ್ತು, ಬೆಟ್ಟ ಅವರಿಗೆ ಗೊತ್ತು. ಇವತ್ತು ನೋಡಿ ಕಲಿ” ಎಂದರು. ನಮ್ಮ ವಾಹನವನ್ನು ಅಲ್ಲಿಯೇ ಬಿಟ್ಟು, ಇಪ್ಪತ್ತು ವರ್ಷದಿಂದ ಅದೇ ಹಾದಿಯಲ್ಲಿ ದುಡಿಯುತ್ತಿದ್ದವರೊಬ್ಬರ ಜೀಪನ್ನು ಏರಿದೆವು.

ಹೊಳೆ ದಾಟಿ ಕಾಡು ಹೊಕ್ಕೊಡನೆ ಅವರು ನಾಲ್ಕೂ ಚಕ್ರಗಳಿಗೆ ಶಕ್ತಿ ಹಾಯುವಂತೆ ಗೇರು ಬದಲಿಸಿದರು. ಹೆಬ್ಬೆರಳನ್ನು ಸ್ಟೇರಿಂಗಿನ ಒಳಗೆ ಸಿಕ್ಕಿಸಲಿಲ್ಲ. ಕಲ್ಲಿಗೆ ಚಕ್ರ ಬಡಿದು ಸ್ಟೇರಿಂಗು ಹಠಾತ್ತನೆ ತಿರುಗಿದರೆ ಬೆರಳು ಮುರಿದೀತೆಂದು ಭಾವನವರು ಮಗನಿಗೆ ವಿವರಿಸಿದರು. ಅರ್ಧ ದಾರಿಯಲ್ಲಿ ಆಳವಾದ ಕೊರಕಲೊಂದು ಎದುರಾಯಿತು. ಪಕ್ಕದಲ್ಲಿಯೇ ಹಸಿರು ಹುಲ್ಲಿನ ಹಾಸು. “ಅಣ್ಣಾ, ಹುಲ್ಲಿನ ಮೇಲೆ ಹತ್ತಿಸಿ ಹೋಗಬಹುದಲ್ಲ?” ಎಂದ ಮಗ. ಚಾಲಕರು ತಲೆಯಾಡಿಸಿದರು. “ಒಂದು ಸಲ ಚಕ್ರ ಹತ್ತಿಸಿದರೆ ಹುಲ್ಲು ಸಾಯ್ತದೆ. ಮಳೆನೀರು ಅದೇ ಗುರುತು ಹಿಡಿದು ಹರಿತದೆ. ಬರೋ ವರ್ಷಕ್ಕೆ ಅಲ್ಲೂ ಇಂಥದೇ ಕೊರಕಲು.” ಕೊರಕಲಿನಲ್ಲಿಯೇ ಕಲ್ಲು ತುಂಬಿಸಿ, ಇಂಚಿಂಚಾಗಿ ದಾಟಿಸಿದರು. ಶೋಲಾ ಕಾಡೂ ಅದನ್ನು ಸುತ್ತುವರಿದ ಹುಲ್ಲುಗಾವಲೂ ಮಳೆನೀರನ್ನು ಹಿಡಿದಿಟ್ಟು ಬೇಸಗೆಯಲ್ಲಿ ಹೊಳೆಗೆ ಬಿಡುವ ಭಂಡಾರಗಳು. ಒಬ್ಬರ ವಿನೋದಕ್ಕಾಗಿ ಅದಕ್ಕೆ ಕನ್ನ ಕೊರೆಯುವುದು ಸಲ್ಲದೆಂದು ನಮಗೆ ಅಂದು ಮನವರಿಕೆಯಾಯಿತು.

ಇನ್ನೂ ಎರಡು ತಿರುವು ಏರುವಷ್ಟರಲ್ಲಿ ಚಾಲಕರು ಜೀಪು ನಿಲ್ಲಿಸಿದರು. ಪಕ್ಕದ ಝರಿ ತಿಳಿಯಾಗಿದ್ದುದು ಕೆಂಪಗೆ ತಿರುಗಿತ್ತು. ನಮ್ಮ ತಲೆಯ ಮೇಲೆ ಹನಿಯೂ ಬಿದ್ದಿರಲಿಲ್ಲ. “ಮೇಲೆ ಮಳೆ ಹೊಯ್ತಾ ಉಂಟು, ಯಜಮಾನರೇ. ಹತ್ತಬಹುದು. ಇಳಿಯೋದು ಕಷ್ಟ.”

ಶಿಖರ ಕಣ್ಣಿಗೆ ಕಾಣುತ್ತಿತ್ತು. ಮಗ ನನ್ನ ಮುಖ ನೋಡಿದ. ಇಷ್ಟು ದೂರ ಬಂದು ಹಿಂತಿರುಗುವುದೇ ಎಂದು ನನ್ನ ಮನಸ್ಸೂ ತೂಗುಯ್ಯಾಲೆಯಾಡಿತು. ಆಗ ಅತ್ತೆಯ ಮಾತು ನೆನಪಾಯಿತು. “ತಿರುಗಿಸಿ” ಎಂದೆ.

ಹತ್ತು ನಿಮಿಷದೊಳಗೆ ಮಳೆ ನಮ್ಮನ್ನು ಮುಟ್ಟಿತು. ಕೆಮ್ಮಣ್ಣು ಸಾಬೂನಿನಂತಾಯಿತು. ಚಾಲಕರು ಕೆಳಗಿನ ಗೇರಿನಲ್ಲಿಯೇ ಇಟ್ಟು, ಕ್ಲಚ್ ಮುಟ್ಟದೆ, ಎಂಜಿನ್ನಿನ ಹಿಡಿತದಿಂದಲೇ ವಾಹನವನ್ನು ಇಳಿಸಿದರು. ಅಂಥಲ್ಲಿ ಬ್ರೇಕನ್ನು ಬಲವಾಗಿ ಒತ್ತಿದರೆ ಚಕ್ರ ನಿಲ್ಲುತ್ತದೆ, ಜೀಪು ನಿಲ್ಲುವುದಿಲ್ಲ, ಜಾರುತ್ತದೆ. ಒಂದು ತಿರುವಿನಲ್ಲಿ ಹಿಂಬದಿ ಜಾರಿ, ಹೊರಗಿನ ಚಕ್ರ ಕಂದರದ ಅಂಚಿಗೆ ಒಂದು ಗೇಣು ದೂರದಲ್ಲಿ ಬಂದು ನಿಂತಿತು. ಯಾರೂ ಉಸಿರೆತ್ತಲಿಲ್ಲ. ನಾವು ಒಬ್ಬೊಬ್ಬರಾಗಿ ಬೆಟ್ಟದ ಕಡೆಯಿಂದ ಇಳಿದೆವು. ಅವರು ಚಕ್ರದ ಕೆಳಗೆ ಕಲ್ಲಿರಿಸಿ, ನಿಧಾನವಾಗಿ ಜೀಪನ್ನು ದಾರಿಗೆ ತಂದರು. ಶಿಖರದವರೆಗೆ ಹೋಗಿದ್ದರೆ ಅಂಥ ತಿರುವುಗಳನ್ನು ಎಷ್ಟು ದಾಟಬೇಕಾಗುತ್ತಿತ್ತೋ!

ಮಾರನೆಯ ದಿನವೂ ಮಳೆ ಬಿಡಲಿಲ್ಲ. ನಾವು ನಗರದ ಕೋಟೆಯನ್ನು ನೋಡಿದೆವು. ಇದು ಹಿಂದಿನ ಬಿದನೂರು. ವೀರಶೈವ ಅರಸರಾದ ಕೆಳದಿಯ ನಾಯಕರ ಕೊನೆಯ ರಾಜಧಾನಿ. ಶಿಸ್ತಿನ ಶಿವಪ್ಪನಾಯಕನ ಕಾಲದಲ್ಲಿ ಮೆಣಸು, ಅಕ್ಕಿಗಳ ಹೇರು ಇಲ್ಲಿಂದ ಘಟ್ಟವಿಳಿದು ಕರಾವಳಿಗೆ ಹೋಗುತ್ತಿತ್ತು. ಛತ್ರಪತಿ ಶಿವಾಜಿಯ ಮಗ ರಾಜಾರಾಮನಿಗೆ 1689ರಲ್ಲಿ ಆಶ್ರಯವಿತ್ತ ಚೆನ್ನಮ್ಮಾಜಿ ಆಳಿದ ನೆಲವಿದು. 1763ರಲ್ಲಿ ಹೈದರಾಲಿಗೆ ವಶವಾಗುವವರೆಗೂ ಈ ರಾಜ್ಯವನ್ನು ಕಾಪಾಡಿದವುಗಳಲ್ಲಿ ಈ ಕಾಡೂ ಮಳೆಯೂ ಸೇರಿದ್ದವು. ಸಮೀಪದ ಹುಲಿಕಲ್ಲು ಇಂದಿಗೂ ನಾಡಿನ ಅತಿ ಹೆಚ್ಚು ಮಳೆ ಬೀಳುವ ಸ್ಥಳಗಳಲ್ಲೊಂದು.

ಹೋಗಬಯಸುವ ಬಂಧುಗಳು ಮಳೆಗಾಲ ಕಳೆದು ದಾರಿ ಗಟ್ಟಿಯಾದ ಬಳಿಕ, ನವೆಂಬರಿನಿಂದ ಫೆಬ್ರವರಿಯೊಳಗೆ ಹೋಗುವುದು ಲೇಸು. ಸ್ಥಳೀಯ ಚಾಲಕರನ್ನೇ ನಂಬಬೇಕು, ಹಾದಿ ಬಿಟ್ಟು ಚಕ್ರ ಇಳಿಸಬಾರದು, ತಂದ ಪ್ಲಾಸ್ಟಿಕ್ಕನ್ನು ಮರಳಿ ಒಯ್ಯಬೇಕು.

ಹೊರಡುವಾಗ ಅತ್ತೆಯ ಪಾದ ಮುಟ್ಟಿ ನಮಸ್ಕರಿಸಿದ ಮಗ, “ಅಜ್ಜಿ, ಗುಡ್ಡ ನೋಡಲಿಲ್ಲ” ಎಂದ. “ನೀನು ಬಂದೆಯಲ್ಲ, ಸಾಕು. ಗುಡ್ಡ ಎಲ್ಲಿಗೂ ಹೋಗೋದಿಲ್ಲ” ಎಂದು ಅವರು ಅವನ ತಲೆ ಸವರಿದರು. ನಿಟ್ಟೂರಿನ ಆ ಚಾಲಕರ ಹೆಸರನ್ನೂ ಊರನ್ನೂ ಮಗ ತನ್ನ ಪುಸ್ತಕದಲ್ಲಿ ಬರೆದುಕೊಂಡಿದ್ದಾನೆ. ಮಾಘ ಮಾಸಕ್ಕೆ ಮತ್ತೆ ಹೋಗಬೇಕೆಂದಿದ್ದೇವೆ.