ಸಿಂಬೆಯ ಮೇಲೆ ಕೂತ ಮುನ್ನಿ

ಮಾರಿಕಣಿವೆ 89 ವರ್ಷಗಳ ನಂತರ 2022ರಲ್ಲಿ ತುಂಬಿ ಕೋಡಿ ಬಿದ್ದಿತಲ್ಲ, ಅದರ ಮರುವರ್ಷದ ಬೇಸಿಗೆಯ ಮಾತು. ಹೊಸದುರ್ಗದಲ್ಲಿ ನಮ್ಮ ಅಮ್ಮಿಯ ಹಿತ್ತಲಿಗೆ ಕೊಕ್ಕರೆ ರೋಗ ಬಂತು. ಹದಿನಾಲ್ಕು ಕೋಳಿಗಳಲ್ಲಿ ಹನ್ನೊಂದು ಒಂದೇ ವಾರದಲ್ಲಿ ಹೋದವು. ಉಳಿದ ಮೂರರಲ್ಲಿ ಒಂದು ಕೆಂಪು ಹೇಂಟೆ ಎಡಗಾಲು ಎಳೆಯುತ್ತಿತ್ತು. ಕತ್ತು ತಿರುಚಿಕೊಂಡು ಕೊಕ್ಕು ಆಕಾಶ ನೋಡುತ್ತಿತ್ತು. ಸುದ್ದಿ ತಿಳಿದು ಹಿರಿಯೂರಿನಿಂದ ನಾವು ಹೋದೆವು, ಹೊಳಲ್ಕೆರೆಯಿಂದ ಆಪಾ ಮತ್ತು ದುಲ್ಹೆಭಾಯಿ ಬಂದರು.

ದುಲ್ಹೆಭಾಯಿಯದು ಕೋಳಿ ಅಂಗಡಿ. ನೋಡಿದವರೇ, "ಅಮ್ಮಿ, ತಾನಾಗಿ ಸತ್ತರೆ ಹರಾಮ್ ಆಗ್ತದೆ. ಜೀವ ಇರುವಾಗಲೇ ಹಲಾಲ್ ಮಾಡಿಬಿಡೋಣ" ಎಂದರು. ನಮ್ಮ ಮನೆಗಳಲ್ಲಿ ಚಿಕ್ಕಂದಿನಿಂದ ಕೇಳಿ ಬಂದ ಮಾತಿದು, ಅವರನ್ನು ಕಟುಕ ಹೃದಯದವರೆನ್ನಲಾಗದು. ಅವರ ಅಂಗಡಿಗೆ ಬರುವ ಬ್ರಾಯ್ಲರ್‌ಗಳಲ್ಲಿ ಎದ್ದು ನಿಲ್ಲಲಾರದವು ಇದ್ದೇ ಇರುತ್ತವೆ. ಆರು ವಾರಕ್ಕೆ ಎರಡು ಕಿಲೋ ತೂಗುವ ತಳಿ ಅದು. ಮೈ ಬೆಳೆದಷ್ಟು ಬೇಗ ಕಾಲು ಗಟ್ಟಿಯಾಗುವುದಿಲ್ಲ. ಅಂಥವನ್ನು ಅವರು ಮೊದಲು ಕೊಯ್ಯುತ್ತಾರೆ.

ಅಷ್ಟರಲ್ಲಿ ನಮ್ಮ ಮಕ್ಕಳು ಹೇಂಟೆಗೆ 'ಲಂಗ್ಡಿ' ಎಂದು ಹೆಸರಿಟ್ಟು ಕೂಗತೊಡಗಿದ್ದರು. ಅಮ್ಮಿ ಒಲೆ ಮುಂದಿನಿಂದ ಎದ್ದು ಬಂದು ನಮ್ಮ ಮಗನ ಬೆನ್ನಿಗೊಂದು ಗುದ್ದಿದರು. ಆಗ ನಮಗೆ ಹೊಳೆಯಿತು. ಆಪಾ ಕ್ಯಾಲಿಪರ್ ಬಿಚ್ಚಿ ಪಕ್ಕಕ್ಕಿಟ್ಟುಕೊಂಡು ಹೊಸ್ತಿಲ ಬಳಿಯೇ ಕೂತಿದ್ದರು. ಪಲ್ಸ್ ಪೋಲಿಯೊ ಶುರುವಾದದ್ದು 1995ರಲ್ಲಿ. ಆಪಾಗೆ ಜ್ವರ ಬಂದದ್ದು ಅದಕ್ಕಿಂತ ಎಷ್ಟೋ ವರ್ಷ ಮುಂಚೆ. ಓಣಿಯಲ್ಲಿ ನಮ್ಮವರು ಲಂಗ್ಡಿ ಎಂದರೆ ಆಚೆ ಬೀದಿಯವರು ಕುಂಟಿ ಎನ್ನುತ್ತಿದ್ದರು. ಜಗಳದ ಸಿಟ್ಟಿನಲ್ಲಿ ನಾವೂ ಒಮ್ಮೆ ಅಂದವರೇ. ಆಪಾ ಅಂದು ಏನೂ ಅನ್ನಲಿಲ್ಲ. "ಮುನ್ನಿ ಅಂತ ಕರೀರಿ" ಎಂದರು, ಅಷ್ಟೆ. ಹೆಸರಿಟ್ಟ ಕೋಳಿಯನ್ನು ಕೊಯ್ಯುವುದು ಕಷ್ಟವೆಂದು ಅಂಗಡಿಯವರಿಗೂ ಗೊತ್ತು. ದುಲ್ಹೆಭಾಯಿ ಸುಮ್ಮನಾದರು.

ಚಿತ್ರದುರ್ಗದಲ್ಲಿ ಪರಿಚಯದ ಪಶುವೈದ್ಯರೊಬ್ಬರನ್ನು ಕೇಳಿದೆವು. ವೈರಸ್ಸಿಗೆ ಔಷಧಿಯಿಲ್ಲ, ಇದು ನರಕ್ಕೆ ಬಿದ್ದ ಏಟು, ಸರಿಹೋದರೂ ಹೋದೀತು, ವಿಟಮಿನ್ ಕೊಟ್ಟು ಬೇರೆಯಾಗಿಡಿ ಎಂದರು. ಲಸಿಕೆ ಹಾಕಿಸಿರಲಿಲ್ಲವೇ ಎಂದೂ ಕೇಳಿದರು. ಮರಿಗೆ ಮೊದಲ ವಾರ ಲಸೋಟಾ ಹನಿ, ಆರೆಂಟು ವಾರಕ್ಕೆ ಆರ್-2-ಬಿ ಚುಚ್ಚುಮದ್ದು. ಮಾತಿಗೆ ಸುಲಭ. ಆದರೆ ಬಾಟಲಿ ಬರುವುದು ನೂರಾರು ಕೋಳಿಗಳ ಲೆಕ್ಕದಲ್ಲಿ, ಬೆರೆಸಿದ ಮೇಲೆ ಕೆಲವೇ ಗಂಟೆಗಳಲ್ಲಿ ಮುಗಿಸಬೇಕು. ಹಿತ್ತಲಲ್ಲಿ ಹದಿನಾಲ್ಕು ಕೋಳಿ ಸಾಕುವ ಮುದುಕಿಗಾಗಿ ಬಾಟಲಿ ತೆರೆಯುವವರು ಯಾರು? ಈಗ ಅಮ್ಮಿ ಓಣಿಯ ಎಂಟು ಮನೆಯವರನ್ನು ಒಂದೇ ದಿನ ಸೇರಿಸುತ್ತಾರೆ. ಆ ಬುದ್ಧಿ ಬಂದದ್ದು ಹನ್ನೊಂದು ಕೋಳಿ ಹೂತ ಮೇಲೆ.

ಮುನ್ನಿಯ ಆರೈಕೆಯನ್ನು ಅಮ್ಮಿ ತಾವೇ ಕಂಡುಕೊಂಡರು. ಮಗ್ಗುಲಾಗಿ ಬೀಳದಿರಲೆಂದು ಹಳೆ ಸೀರೆ ಸುತ್ತಿ, ಬಿಂದಿಗೆ ಹೊರುವಾಗ ತಲೆಗಿಟ್ಟುಕೊಳ್ಳುವಂಥ ಸಿಂಬೆ ಮಾಡಿ ಅದರ ಮೇಲೆ ಕೂರಿಸಿದರು. ಕಾಳಿಗೆ ಕುಕ್ಕಿದರೆ ಕೊಕ್ಕು ಒಂದಂಗುಲ ಆಚೆಗೇ ಬೀಳುತ್ತಿತ್ತು. ಅದಕ್ಕೆ ಆಳದ ಮಡಕೆ ತುಂಬ ಜೋಳದ ನುಚ್ಚು ಹಾಕಿಟ್ಟರು. ಎಲ್ಲಿ ಕುಕ್ಕಿದರೂ ಬಾಯಿಗೆ ಏನಾದರೂ ಸಿಗಬೇಕು. ನೀರು ಮಾತ್ರ ಕೈಯಲ್ಲಿ ಹಿಡಿದು, ಮೂಗಿನ ಹೊಳ್ಳೆ ಮುಳುಗದಂತೆ ಕೊಕ್ಕಿನ ತುದಿ ಅದ್ದಿಸುತ್ತಿದ್ದರು. ಗಾಬರಿಯಾದರೆ ಕತ್ತು ಇನ್ನೂ ತಿರುಚುತ್ತಿತ್ತು, ಪಕ್ಕದ ಮನೆಯ ಕುಕ್ಕರ್ ಸೀಟಿ ಸಾಕು. ದಿನಾ ಹಿಂಬದಿ ತೊಳೆದು, ಎದೆಗೆ ಹುಣ್ಣಾಗದಂತೆ ಹುಲ್ಲು ಬದಲಿಸಬೇಕು. ಉಳಿದೆರಡು ಕೋಳಿಗಳನ್ನು ವೈದ್ಯರು ಹೇಳಿದಷ್ಟು ದಿನ ದೂರವಿಟ್ಟು ಹತ್ತಿರ ಬಿಟ್ಟರೆ, ಅವು ಬಂದು ಇದರ ತಲೆಯನ್ನೇ ಕುಕ್ಕಿದವು. ಕೋಳಿಗಳಿಗೆ ಕರುಣೆ ಇಲ್ಲ. ಮತ್ತೆ ಮಂಕರಿ ಮುಚ್ಚಿ, ನಡುವೆ ಕೂರಿಸಿದ್ದಾಯಿತು.

ಎರಡು ತಿಂಗಳಿಗೆ ಕತ್ತು ಮುಕ್ಕಾಲು ನೆಟ್ಟಗಾಯಿತು. ಕಾಲು ಆಗಲಿಲ್ಲ. ಏಳೆಂಟು ಮೊಟ್ಟೆಯನ್ನೂ ಇಟ್ಟಿತು, ತೊಗಲು ಮೊಟ್ಟೆಗಳೇ ಹೆಚ್ಚು.

ಆ ವರ್ಷವೇ ಇನ್ನೊಂದು ಹೇಂಟೆ ಮರಿ ಮಾಡಿತು. ಒಂದು ಮರಿಯ ಕಾಲು ಎರಡೂ ಕಡೆ ಸೀಳಿಕೊಂಡು ಹೊಟ್ಟೆ ನೆಲಕ್ಕಂಟಿತ್ತು. ನಾವು ಹಾಸಿದ್ದ ನುಣುಪು ಪೇಪರಿನ ಮೇಲೆ ಜಾರುತ್ತಿತ್ತು. ಆಪಾ ಪೇಪರ್ ತೆಗೆಸಿ ಗೋಣಿತಾಟು ಹಾಸಿದರು, ಉಲ್ಲನ್ ದಾರದಿಂದ ಎರಡೂ ಕಾಲನ್ನು ಎಂಟರ ಆಕಾರದಲ್ಲಿ ಕಟ್ಟಿದರು. ನಾವು ಬಿಗಿ ಮಾಡಲು ಹೋದರೆ ಕೈ ತಳ್ಳಿ, "ಪಟ್ಟಿ ಎಲ್ಲಿ ಒತ್ತುತ್ತೆ ಅಂತ ನನಗೆ ಗೊತ್ತು, ಬಿಡು" ಎಂದರು. ಐದನೇ ದಿನ ದಾರ ಬಿಚ್ಚಿದರೆ ಮರಿ ನಡೆಯಿತು. ಹುಟ್ಟಿದ ಒಂದೆರಡು ದಿನದಲ್ಲೇ ಕಟ್ಟಬೇಕಂತೆ, ತಡವಾದರೆ ಕೂಡಿಬಾರದು.

ಮುನ್ನಿ ಒಂದೂವರೆ ವರ್ಷ ಇತ್ತು. ಕೊನೆಗೆ ಎರಡು ದಿನ ಮಡಕೆಯ ಕಡೆ ತಿರುಗಲೂ ಇಲ್ಲ. ಅಮ್ಮಿಯೇ ಹೊಳಲ್ಕೆರೆಗೆ ಫೋನ್ ಮಾಡಿ, "ಬೇಟಾ, ಚೂರಿ ತಗೊಂಡು ಬಾ" ಎಂದರು. ದುಲ್ಹೆಭಾಯಿ ಬಂದು, ಹಿತ್ತಲಲ್ಲಿ ಬಹಳ ಹೊತ್ತು ಚೂರಿ ಮಸೆದರು. ಅವರು ಅಂದೇ ಹೇಳಿದ್ದನ್ನು ಮಾಡಿದ್ದರೆ ಅದಕ್ಕೆ ಇಷ್ಟು ನೋವಿರುತ್ತಿರಲಿಲ್ಲವೇನೋ ಎಂದು ನಮಗೆ ಅನ್ನಿಸಿತು, ಈಗಲೂ ಅನ್ನಿಸುತ್ತದೆ. ಆದರೆ ಬಿಸಿಲಿಗೆ ಮಗ್ಗುಲಾಗಿ, ಒಂದೇ ರೆಕ್ಕೆಯಲ್ಲಿ ಅದು ಮಣ್ಣು ಎರಚಿಕೊಳ್ಳುತ್ತಿದ್ದುದನ್ನೂ ನಾವು ನೋಡಿದ್ದೇವೆ. ಮಾಂಸವನ್ನು ಯಾರೂ ಕೇಳಲಿಲ್ಲ, ನುಗ್ಗೆ ಮರದ ಬುಡದಲ್ಲಿ ಹೂತರು.

ಅಮ್ಮಿ ಈಗಲೂ ಆ ಆಳದ ಮಡಕೆಗೇ ನುಚ್ಚು ತುಂಬುತ್ತಾರೆ. ಕಾಲು ನೆಟ್ಟಗಿರುವ ಕೋಳಿಗಳು ಅದರೊಳಗೇ ಹತ್ತಿ ನಿಂತು, ಕೆದರಿ, ಅಂಗಳದ ತುಂಬ ಚೆಲ್ಲುತ್ತವೆ.